ಬಯಲುಸೀಮೆಯ ದಿಂಬುಗಲ್ಲು

ಮರಳುಗಾಡೆಂದೊಡನೆ ಸಾಮಾನ್ಯರ ಕಣ್ಣಮುಂದೆ ಬಂದು ನಿಲ್ಲುವುದು ಒಂಟೆ, ಖರ್ಜೂರದ ಮರ ಮತ್ತು ಬಾಯಾರಿಕೆ. ಕಲ್ಲು ಹೆಕ್ಕುವ ಹುಚ್ಚು ಹತ್ತಿದವರಿಗಾದರೋ ಅದು ಕುಬೇರನ ಭಂಡಾರ. ಅಮೆರಿಕದ ನೆವಾಡ, ಆಫ್ರಿಕದ ಮೊರಾಕ್ಕೊ, ದಕ್ಷಿಣ ಅಮೆರಿಕದ ಅಟಕಾಮ, ಖನಿಜಸಂಗ್ರಾಹಕರ ಈ ತೀರ್ಥಕ್ಷೇತ್ರಗಳೆಲ್ಲವೂ ಮಳೆ ಮುನಿದ ನಾಡುಗಳೇ. ಅದಕ್ಕೆ ಕಾರಣ ಬಹಳ ಸರಳವಾದುದು. ಮಳೆ ಬೀಳುವಲ್ಲಿ ಭೂಮಿತಾಯಿ ಹುಲ್ಲು, ಪೊದೆ, ಕಾಡುಗಳ ಸೀರೆಯುಟ್ಟು, ಮೇಲೊಂದು ಮಣ್ಣಿನ ಕಂಬಳಿಯನ್ನೂ ಹೊದ್ದಿರುತ್ತಾಳೆ. ಮಳೆ ಬಾರದ ಕಡೆ ಅವಳ ಎಲುಬು ಎಲುಬೂ ಎಣಿಸಲು ಸಿಕ್ಕುತ್ತವೆ. ಅಷ್ಟು ಮಾತ್ರವಲ್ಲ, ಒಂದೆರಡು ಒಳ್ಳೆಯ ಮಳೆ ಬಿದ್ದರೆ ಕರಗಿ ಹರಿದುಹೋಗತಕ್ಕ ಉಪ್ಪಿನ ಜಾತಿಯ ಎಷ್ಟೋ ಖನಿಜಗಳು ಅಲ್ಲಿ ಯುಗಯುಗಗಳವರೆಗೆ ಹಾಗೆಯೇ ಉಳಿದುಬಿಡುತ್ತವೆ. ಚಿಲಿ ದೇಶದ ಹೆಸರಾಂತ ನೈಟ್ರೇಟ್ ಉಪ್ಪು ಅಟಕಾಮದಲ್ಲಿ ಉಳಿದಿದ್ದುದು ಹೀಗೆಯೇ. ತಾಮ್ರದ ಒಂದು ಹಸಿರು ಖನಿಜಕ್ಕಂತೂ ಆ ಮರಳುಗಾಡಿನ ಹೆಸರನ್ನೇ ಹಿಡಿದು ಅಟಕಾಮೈಟ್ ಎಂದು ನಾಮಕರಣ ಮಾಡಿದ್ದಾರೆ.

ಕನ್ನಡನಾಡಿನಲ್ಲಿ ಅಂತಹ ಮರಳುಗಾಡಿಲ್ಲ. ಆದರೆ ಚಳ್ಳಕೆರೆ, ಹಿರಿಯೂರುಗಳ ಕಡೆ ಬೇಸಗೆಯಲ್ಲಿ ಒಮ್ಮೆ ಹೋಗಿಬಂದವರು ಈ ಮಾತನ್ನು ಅಷ್ಟು ಧೈರ್ಯದಿಂದ ಹೇಳಲಾರರು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ನೀರು ನೆಲಕ್ಕಿಳಿಯುವುದಕ್ಕಿಂತ ಬಿಸಿಲಿಗೆ ಆವಿಯಾಗುವುದೇ ಹೆಚ್ಚು. ಮಣ್ಣಿನೊಳಗಣ ನೀರನ್ನು ಬಿಸಿಲು ಹೀರಿಕೊಳ್ಳುವಾಗ ಅದರಲ್ಲಿ ಕರಗಿದ್ದ ಸುಣ್ಣ ಹಿಂದುಳಿದು, ಹೊಲದ ತುಂಬ ಬಿಳಿಯ ಗಂಟುಗಂಟಾದ ಸುಣ್ಣಕಲ್ಲಾಗಿ ನಿಲ್ಲುತ್ತದೆ. ನೇಗಿಲಿಗೆ ಅಡ್ಡವಾಗುವ ಆ ಕಲ್ಲನ್ನು ರೈತ ಶಪಿಸಿ ಬದುವಿಗೆ ಎಸೆಯುತ್ತಾನೆ. ಹಿಂದೆ ಅದನ್ನೇ ಸುಟ್ಟು ಗಾರೆಗೆ ಸುಣ್ಣ ಮಾಡುತ್ತಿದ್ದರು. ಇದೇ ಬಗೆಯ ಪದರಶಿಲೆ ಮಲೆನಾಡಿನಲ್ಲಿಯೂ ಇದೆ. ಅಲ್ಲಿ ಅದು ಜಂಬಿಟ್ಟಿಗೆಯ ಕೆಳಗೆ, ಕಾಡಿನ ಮರೆಯಲ್ಲಿ ಅಡಗಿ ಕುಳಿತ ಗೋಷಾ ಹೆಂಗಸು. ಚಿತ್ರದುರ್ಗದ ಸೀಮೆಗೆ ಬಂದೊಡನೆ ಅದೇ ಕಲ್ಲು ಬಯಲಿಗೆ ಬಂದು ಯಾರು ಮಾತನಾಡಿಸಿದರೂ ಮಾತನಾಡುತ್ತದೆ.

ಹಾಗೆ ಕಲ್ಲನ್ನು ಮಾತನಾಡಿಸುವವರೊಬ್ಬರು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿದ್ದಾರೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರು. ಬಡಾವಣೆಯ ಹೆಸರಿನ ಮಹನೀಯರು ಎರಡು ಸಲ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು, ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಅಲ್ಲಿಯೇ ಬಾಳಿದವರು. ಆದ್ದರಿಂದ ಅವರ ಹೆಸರಿನ ಬೀದಿಯಲ್ಲಿ ದುರ್ಗದ ನಾಲ್ಕು ಕಲ್ಲುಗಳಿರುವುದು ನ್ಯಾಯವೇ ಎಂಬುದು ಮೇಷ್ಟರ ವಾದ. ನಾಲ್ಕೇ ಇದ್ದಿದ್ದರೆ ಅವರ ಮನೆಯಾಕೆಯೂ ಒಪ್ಪಿಕೊಳ್ಳುತ್ತಿದ್ದರೇನೋ! ಜಗುಲಿಯ ಕಪಾಟು ತುಂಬಿ, ಬಿಸ್ಕತ್ತಿನ ಡಬ್ಬಿಗಳು ತುಂಬಿ, ಮಂಚದ ಕೆಳಗೂ ಕಲ್ಲುಗಳು ಹರಿದಿವೆ. ಪ್ರತಿಯೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಊರು, ತಾರೀಖು, ಖನಿಜದ ಹೆಸರು. ಆ ತಾಯಿ ಗುಣವಂತೆ, ಗೊಣಗುವುದುಂಟು, ಎಸೆಯುವುದಿಲ್ಲ. ಸಂಡೂರಿನಿಂದ ಬಂದ ಕಬ್ಬಿಣದ ಅದಿರೊಂದು ಗಾತ್ರಕ್ಕೆ ಮೀರಿದ ಭಾರವುಳ್ಳದ್ದೆಂದು ಕಂಡುಕೊಂಡು, ಅದನ್ನು ಉಪ್ಪಿನಕಾಯಿಯ ಭರಣಿಯ ಮುಚ್ಚಳದ ಮೇಲೆ ಹೇರಿದ್ದಾರೆ. ಹರಿಹರದ ಕಡೆಯಿಂದ ತಂದ ಬಳಪದ ಕಲ್ಲಿನ ಒಂದು ತುಣುಕು ಅಂಗಳದಲ್ಲಿ ರಂಗೋಲಿಯ ಗೆರೆಯೆಳೆದು ಸವೆದೇ ಹೋಯಿತು. ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಇಂತಹ ಮೆದುಕಲ್ಲಿನಲ್ಲಿಯೇ ಎಂದು ಮೇಷ್ಟ್ರು ಹೇಳಿದರೆ, "ಅವರು ಗುಡಿ ಕಟ್ಟಿಸಿದರು, ನಾನು ಬಾಗಿಲ ಮುಂದೆ ಗೆರೆ ಎಳೆದೆ, ಎರಡೂ ದೇವರಿಗೇ ಅಲ್ಲವೇನು?" ಎಂದರಂತೆ ಆಕೆ. ಮೇಷ್ಟರಿಗೆ ಉತ್ತರ ತೋಚಲಿಲ್ಲ.

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಭೂವಿಜ್ಞಾನದ ಪಾಠವಾಗುವುದು ಕೊಳವೆಬಾವಿ ಕೊರೆಯುವ ದಿನ. ಮೊದಲು ಮೇಲಿನ ಮಣ್ಣು, ಅದರಡಿ ಕೊಳೆತು ಸಡಿಲಾದ ಕಲ್ಲು, ಆಮೇಲೆ ಕಿವಿಗಡಚಿಕ್ಕುವ ಸದ್ದಿನೊಡನೆ ಬೂದಿಬಣ್ಣದ ಹಿಟ್ಟು. ಬೀದಿಯ ಗೃಹಿಣಿಯರೆಲ್ಲ ಕಿಟಕಿ ಮುಚ್ಚುವ ಆ ಹೊತ್ತಿನಲ್ಲಿ ಮೇಷ್ಟ್ರು ಮಾತ್ರ ಒಂದು ಲೋಟ ಹಿಡಿದುಕೊಂಡು ಹೊರಗೆ ಬರುತ್ತಾರೆ. ಆ ಹಿಟ್ಟು ನೈಸ್ ಎಂಬ ಪಟ್ಟೆಶಿಲೆಯದು. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾದ ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಗೋತ್ರದ್ದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿ ಗೌರವಿಸಿದ್ದಾರೆ. ದಾವಣಗೆರೆಯಲ್ಲಿ ಅದರ ಹಿಟ್ಟು ಚರಂಡಿಗೆ ಹೋಗುತ್ತದೆ. ನೀರು ಸಿಕ್ಕಿತೇ ಇಲ್ಲವೇ ಎಂಬುದು ಮನೆಯವರ ಚಿಂತೆ. ಆ ಕಲ್ಲಿನಲ್ಲಿ ಬಿರುಕಿದ್ದರೆ ನೀರುಂಟು, ಬಿರುಕಿಲ್ಲದಿದ್ದರೆ ಸಾವಿರ ಅಡಿ ಕೊರೆದರೂ ಹಿಟ್ಟೇ ಗತಿ.

ಊರಿನಿಂದ ಹೆದ್ದಾರಿ ಹಿಡಿದು ಅರವತ್ತು ಕಿಲೋಮೀಟರು ಹೋದರೆ ಚಿತ್ರದುರ್ಗ. ಅಲ್ಲಿಗೆ ಹೋಗುವಷ್ಟರಲ್ಲಿ ನೆಲದ ಕಥೆಯೇ ಬದಲಾಗುತ್ತದೆ. ಪಟ್ಟೆಶಿಲೆಯ ಬಯಲಿನ ನಡುವೆ ಉತ್ತರ ದಕ್ಷಿಣವಾಗಿ ನೂರಾರು ಮೈಲಿ ಹಬ್ಬಿದ ಒಂದು ಪದರಶಿಲೆಯ ಪಟ್ಟಿ. ಒಂದು ಕಾಲಕ್ಕೆ ಅಲ್ಲಿ ಕಡಲಿತ್ತು. ಕಡಲಿನ ತಳದಲ್ಲಿ ಜ್ವಾಲಾಮುಖಿಗಳು ಉಕ್ಕಿದವು. ಕೆಸರು, ಮರಳು, ಕಬ್ಬಿಣದ ಗಸಿ ಪದರ ಪದರವಾಗಿ ಕುಳಿತವು. ಬಳಿಕ ನೆಲ ಎರಡೂ ಬದಿಗಳಿಂದ ಒತ್ತಿ, ಪದರಗಳೆಲ್ಲ ಮಡಿಸಿದ ಪಂಚೆಯಂತೆ ನೆಟ್ಟಗೆ ನಿಂತವು. ಈ ಜಾತಿಯ ಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟು 1880ರ ದಶಕದಲ್ಲಿ ಶಾಸ್ತ್ರಪ್ರಪಂಚಕ್ಕೆ ಪರಿಚಯಿಸಿದವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥನಾದವನೂ ಅವನೇ. ಕುದುರೆಯ ಮೇಲೂ ಕಾಲ್ನಡಿಗೆಯಲ್ಲಿಯೂ ಅಲೆದು ನಕ್ಷೆ ಬರೆದ ಆ ಕಾಲದವರ ಮೇಲೆ ಮೇಷ್ಟರಿಗೆ ಅಪಾರ ಗೌರವ. ಚಿತ್ರದುರ್ಗದ ಕೋಟೆಯ ಬಂಡೆಗಳು ಇವೆಲ್ಲಕ್ಕಿಂತ ಕಿರಿಯವು: ಸುಮಾರು 260 ಕೋಟಿ ವರ್ಷಗಳ ಹಿಂದೆ ಈ ಪದರಗಳ ಪಕ್ಕದಲ್ಲಿ ಕೆಳಗಿನಿಂದ ಉಕ್ಕಿ ಒಳಗೇ ಹೆಪ್ಪುಗಟ್ಟಿದ ಗ್ರಾನೈಟ್. ಮೇಲಿನ ಹೊದಿಕೆ ಸವೆದು, ಬಿರುಕುಗಳಗುಂಟ ಬಿಸಿಲು ಮಳೆಗಳು ಕೆಲಸ ಮಾಡಿ, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚಿ ಗುಂಡುಗಳಾದವು. ಏಳುಸುತ್ತಿನ ಕೋಟೆಯನ್ನು ನಾಯಕರು ಕಟ್ಟಿದರೆಂಬುದು ನಿಜವೇ. ಅರ್ಧ ಕೆಲಸ ಅವರು ಬರುವ ಮೊದಲೇ ಮುಗಿದಿತ್ತೆಂಬುದೂ ನಿಜ.

ಖನಿಜ ಹೆಕ್ಕುವವರಿಗೆ ಕೋಟೆಗಿಂತ ಇಂಗಳದಾಳಿನ ಗುಡ್ಡಗಳೇ ಪ್ರಿಯ. ಚಿತ್ರದುರ್ಗದ ಸಮೀಪದ ಈ ಊರಿನಲ್ಲಿ ತಾಮ್ರದ ಗಣಿಯಿತ್ತು. ಅದಿರಿನಲ್ಲಿ ತಾಮ್ರದ ಪಾಲು ಕಡಮೆ. ಲಾಭನಷ್ಟದ ಲೆಕ್ಕದಲ್ಲಿ ತೂಗದೆ ಕೆಲಸ ನಿಂತಿತು. ಅಲ್ಲಿಯ ಕಲ್ಲನ್ನು ಒಡೆದು ನೋಡಿದರೆ ಹಸಿರುಗಪ್ಪಿನ ಶಿಲೆಯೊಳಗೆ ಬೆಣಚಿನ ಬಿಳಿಯ ಎಳೆ, ಬೆಣಚಿನೊಳಗೆ ಮಿರಿಮಿರಿ ಹೊಳೆಯುವ ಹಳದಿ. ಬಡಾವಣೆಯ ಹುಡುಗನೊಬ್ಬ ಅದನ್ನು ಮೇಷ್ಟರ ಕಪಾಟಿನಲ್ಲಿ ಕಂಡು, ಬಂಗಾರವೆಂದು ನಂಬಿ, ಎರಡು ದಿನ ಅವರ ಮನೆಯ ಗೇಟಿನ ಬಳಿಯೇ ಸುಳಿದಾಡಿದನಂತೆ. ಮೇಷ್ಟ್ರು ಅವನನ್ನು ಒಳಗೆ ಕರೆದು ಬಚ್ಚಲಿನ ಬಿಳಿ ಹೆಂಚೊಂದರ ಹಿಂಬದಿಯನ್ನು ಕೈಗೆ ಕೊಟ್ಟು, "ಉಜ್ಜಿ ನೋಡಪ್ಪ" ಎಂದರು. ಉಜ್ಜಿದರೆ ಬಿದ್ದದ್ದು ಹಸಿರು ಬೆರೆತ ಕರಿಯ ಗೆರೆ. ಅಕ್ಕಸಾಲಿಯ ಒರೆಗಲ್ಲಿನ ಮೇಲೆ ಚಿನ್ನ ಚಿನ್ನದ ಬಣ್ಣವನ್ನೇ ಬಿಡುತ್ತದೆ. ಇದು ತಾಮ್ರ, ಕಬ್ಬಿಣ, ಗಂಧಕಗಳು ಕೂಡಿದ ಚಾಲ್ಕೊಪೈರೈಟ್. ಅದರ ಪಕ್ಕದಲ್ಲಿರುವ, ಕಂಚಿನ ಬಣ್ಣಕ್ಕೆ ತಿರುಗಿದ ಮತ್ತೊಂದು ಖನಿಜಕ್ಕೆ ದಾರ ಕಟ್ಟಿದ ಅಯಸ್ಕಾಂತವನ್ನು ಹಿಡಿದರೆ ಅದು ಮೆಲ್ಲಗೆ ವಾಲುತ್ತದೆ; ಅದು ಪೈರೊಟೈಟ್. ಹುಡುಗನಿಗೆ ಬಂಗಾರ ಹೋದ ದುಃಖಕ್ಕಿಂತ ಅಯಸ್ಕಾಂತ ವಾಲಿದ ಸಂತೋಷವೇ ಹೆಚ್ಚಾಯಿತೆಂದು ಮೇಷ್ಟ್ರು ಹೇಳುತ್ತಾರೆ. ಮೇಷ್ಟ್ರುಗಳು ಹಾಗೆ ಹೇಳುವುದು ವಾಡಿಕೆ.

ಅದೇ ಅದಿರು ಗಾಳಿ ನೀರುಗಳಿಗೆ ಸಿಕ್ಕ ಕಡೆ ಹಸಿರಾಗುತ್ತದೆ. ತಾಮ್ರದ ತಂಬಿಗೆಗೆ ಕಿಲುಬು ಹಿಡಿದಂತೆಯೇ ಇದು. ಬಂಡೆಯ ಮೇಲೆ ಹಿಡಿದರೆ ಅದಕ್ಕೆ ಮ್ಯಾಲಕೈಟ್ ಎಂಬ ದೊಡ್ಡ ಹೆಸರು. ಹಿಂದಿನವರು ತಾಮ್ರದ ನೆಲೆಗಳನ್ನು ಪತ್ತೆಹಚ್ಚುತ್ತಿದ್ದುದು ಇಂತಹ ಹಸಿರು ಕಲೆಗಳಿಂದಲೇ. ಮಳೆಯೇ ಇಲ್ಲದ ಅಟಕಾಮದಲ್ಲಿ ತಾಮ್ರ ಉಪ್ಪಿನೊಡನೆ ಕೂಡಿ ಒಂದು ಬಗೆಯ ಹಸಿರನ್ನು ತಾಳಿದರೆ, ಅಷ್ಟಿಷ್ಟು ಮಳೆ ಬೀಳುವ ದುರ್ಗದಲ್ಲಿ ನೀರು ಮತ್ತು ಗಾಳಿಯ ಇಂಗಾಲದೊಡನೆ ಕೂಡಿ ಇನ್ನೊಂದು ಬಗೆಯ ಹಸಿರನ್ನು ತಾಳುತ್ತದೆ. ಒಂದೇ ಲೋಹ, ನೆರೆಹೊರೆಯಂತೆ ಅದರ ನಡತೆ.

ಇಷ್ಟಾದರೂ ಮೇಷ್ಟರ ಕಪಾಟಿನಲ್ಲಿ ಇಲ್ಲದ ಒಂದು ಕಲ್ಲುಂಟು. ಅದು ಬೇಕೆಂದೇ ಇಲ್ಲ.

ಚಿತ್ರದುರ್ಗದ ಆಗ್ನೇಯಕ್ಕೆ ಮರಡಿಹಳ್ಳಿ ಎಂಬುದೊಂದು ಗ್ರಾಮ. ಮರಡಿಯೆಂದರೆ ಕಲ್ಲುದಿಬ್ಬ, ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಅಲ್ಲಿಯ ಬಂಡೆಯನ್ನು ದೂರದಿಂದ ನೋಡಿದರೆ ಯಾರೋ ಮದುವೆಮನೆಯ ದಿಂಬುಗಳನ್ನೆಲ್ಲ ತಂದು ಒಂದರ ಮೇಲೊಂದು ಒಟ್ಟಿದಂತೆ ಕಾಣುತ್ತದೆ. ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಸಾವಿರ ಡಿಗ್ರಿಗೂ ಮೀರಿ ಕಾದ ಕಲ್ಲಿನ ರಸ ಕಡಲತಳದ ಬಿರುಕಿನಿಂದ ಹೊರಕ್ಕೆ ಬಂದಾಗ ತಣ್ಣೀರು ತಗುಲಿ ಅದರ ಮೈ ಕ್ಷಣದಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗೆ ಮಾತ್ರ ಇನ್ನೂ ಕುದಿರಸ. ಹಿಂದಿನಿಂದ ಒತ್ತಡ ಬಂದೊಡನೆ ಆ ಸಿಪ್ಪೆ ಒಂದೆಡೆ ಒಡೆದು, ಮತ್ತೊಂದು ಉಬ್ಬು ಈಚೆಗೆ ಬರುತ್ತದೆ. ಅದಕ್ಕೂ ಸಿಪ್ಪೆ ಕಟ್ಟುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. 1970ರ ದಶಕದಲ್ಲಿ ಹವಾಯಿ ದ್ವೀಪದ ಕಡಲಿನಲ್ಲಿ ಮುಳುಗಿದ ಸಾಹಸಿಗಳು ಈ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡು ಚಲನಚಿತ್ರವನ್ನೂ ತೆಗೆದರು. ಹೊಸ ದಿಂಬು ಇನ್ನೂ ಮೆದುವಾಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಕೂರುವುದರಿಂದ, ಪ್ರತಿಯೊಂದಕ್ಕೂ ಮೇಲ್ಭಾಗ ಗುಮ್ಮಟ, ಕೆಳಭಾಗದಲ್ಲಿ ಒಂದು ಚೂಪಾದ ಮೂಲೆ. ನೆಲ ಎಷ್ಟೇ ಮಡಿಚಿ ಮಗುಚಿದ್ದರೂ ಆ ಮೂಲೆಯನ್ನು ನೋಡಿ ಆಗ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಬಹುದು. ಆ ಕಾಲದಲ್ಲಿ ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವಿರಲಿಲ್ಲ. ನೆಲದ ಮೇಲೆ ಒಂದು ಹುಲ್ಲುಕಡ್ಡಿಯಿರಲಿಲ್ಲ. ಕಡಲನ್ನು ಬಿಟ್ಟರೆ ಉಳಿದ ಪೃಥ್ವಿಯೆಲ್ಲವೂ ಬೆತ್ತಲೆ ಬಯಲೇ.

ಕಳೆದ ವರ್ಷ ಮೇಷ್ಟರ ಮನೆಯೆದುರಿಗೆ ಗುತ್ತಿಗೆದಾರರೊಬ್ಬರು ಹೊಸ ಮನೆ ಕಟ್ಟಿಸತೊಡಗಿದರು. ದುಡಿದು ಮೇಲೆ ಬಂದವರು, ಕೈಯೂ ದೊಡ್ಡದು, ಮನಸ್ಸೂ ದೊಡ್ಡದು. ಅದರ ಹಿಂದಿನ ವರ್ಷ ಮೇಷ್ಟರ ಮನೆಯಾಕೆಗೆ ನಡುರಾತ್ರಿ ಎದೆನೋವು ಬಂದಾಗ, ಕರೆದ ಬಾಡಿಗೆಗಾಡಿ ಬಾರದೆ ಹೋದಾಗ, ಆಗ ಪಕ್ಕದ ಬೀದಿಯಲ್ಲಿದ್ದ ಇದೇ ಮನುಷ್ಯ ಲುಂಗಿಯಲ್ಲಿಯೇ ಓಡಿಬಂದು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದರು. ಬೆಳಗಾಗುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತೇ ಇದ್ದರು. ಅಂತಹವರು ಒಂದು ದಿನ ಮೇಷ್ಟರ ಜಗುಲಿಗೆ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಮರಡಿಹಳ್ಳಿಯ ಬಂಡೆ.

"ಮೇಷ್ಟ್ರೇ, ಹೊಸಾ ಮನೀ ಮುಂದ ಹೂವಿನ ತೋಟ ಮಾಡ್ಸಾಕತ್ತೀನಿ. ಅದರ ನಡುವ ಇಂಥಾದೊಂದು ದಿಂಬು ಇಟ್ರೆ ಹೆಂಗಿರ್ತತಿ! ನೀವು ಬಂದು ಚಲೋದೊಂದು ಆರಿಸಿಕೊಡ್ರಿ. ಟ್ರ್ಯಾಕ್ಟರ್ ನಂದೇ ಐತಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೇರೆಯವರಾಗಿದ್ದರೆ ಸರಕಾರದ ಕಾಯಿದೆ, ಸ್ಮಾರಕದ ಬೇಲಿ ಎಲ್ಲವನ್ನೂ ಮುಖಕ್ಕೆ ಹೇಳಿ ಕಳಿಸುತ್ತಿದ್ದರು. ಒಳಗೆ ಮನೆಯಾಕೆ ಕಾಫಿ ಸೋಸುವ ಸದ್ದು ಕೇಳುತ್ತಿತ್ತು. ಆ ಸದ್ದು ಇಂದೂ ಕೇಳುತ್ತಿರುವುದು ಯಾರ ಉಪಕಾರದಿಂದ ಎಂಬುದನ್ನು ಮರೆಯುವಂತಿರಲಿಲ್ಲ. ಆಗದೆಂದರೆ ಕೃತಘ್ನತೆ, ಆಗಲೆಂದರೆ ನಲವತ್ತು ವರ್ಷ ಮಕ್ಕಳಿಗೆ ಹೇಳಿದ್ದೆಲ್ಲ ನೀರುಪಾಲು. ಕೊನೆಗೆ, "ಮೊದಲು ನೋಡಿಕೊಂಡು ಬರೋಣ ಬನ್ನಿ, ಟ್ರ್ಯಾಕ್ಟರ್ ಮಾತು ಆಮೇಲೆ" ಎಂದರು. ಆ ರಾತ್ರಿ ಅವರಿಗೆ ನಿದ್ರೆ ಸರಿಯಾಗಿ ಹತ್ತಲಿಲ್ಲವೆಂದು ಮನೆಯಾಕೆಯ ಸಾಕ್ಷ್ಯ.

ಭಾನುವಾರ ಇಬ್ಬರೂ ಹೋದರು. ದಾರಿಯುದ್ದಕ್ಕೂ ಮೇಷ್ಟ್ರು ತಮ್ಮ ಭಾಷಣವನ್ನು ಮನಸ್ಸಿನಲ್ಲಿಯೇ ಸಿದ್ಧಮಾಡಿಕೊಂಡಿದ್ದರು: ಕಡಲು, ಜ್ವಾಲೆ, 250 ಕೋಟಿ, ದೇಶದ ಸಂಪತ್ತು. ಬಂಡೆಯ ಮುಂದೆ ನಿಂತು ಅದನ್ನು ಆರಂಭಿಸಿದರೂ ಸಹ. ಗುತ್ತಿಗೆದಾರರು ಅದನ್ನು ಎಷ್ಟು ಕೇಳಿದರೋ ತಿಳಿಯದು. ಅವರು ಕುಕ್ಕರಗಾಲಿನಲ್ಲಿ ಕುಳಿತು ದಿಂಬುಗಳ ಸಂದಿಯಲ್ಲಿ ಬೆರಳಾಡಿಸುತ್ತಿದ್ದರು. ಮೂವತ್ತು ವರ್ಷ ಗೋಡೆಗಳನ್ನು ಎಬ್ಬಿಸಿದ ಬೆರಳುಗಳು. ಒಂದು ದಿಂಬಿನ ಚೂಪು ಕೆಳಗಿನ ಎರಡರ ನಡುವೆ ಹೇಗೆ ಕುಳಿತಿದೆ, ಅದರ ಬೆನ್ನಿನ ಮೇಲೆ ಮತ್ತೊಂದು ಹೇಗೆ ಬಾಗಿದೆ ಎಂದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು.

"ಗಾರೆ ಇಲ್ಲ, ಸಿಮೆಂಟಿಲ್ಲ. ಕೆಳಗಿನ ಕಲ್ಲು ಹೆಂಗೈತೋ ಹಂಗ ಮೇಲಿಂದು ಬಗ್ಗಿ ಕುಂತೈತಿ," ಎಂದು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಮೇಷ್ಟ್ರೇ, ಇದರಾಗ ಒಂದು ಕಿತ್ರೆ ಸಾಲು ಹೋತು. ಸಾಲು ಹೋದ್ರೆ ಗೋಡೆನೇ ಹೋದಂಗ. ಇದನ್ನ ಒಯ್ದು ತೋಟದಾಗ ಇಟ್ರೆ ಒಂದು ಗುಂಡುಕಲ್ಲು, ಅಷ್ಟ" ಎಂದರು.

ಮೇಷ್ಟರ ಭಾಷಣ ಅರ್ಧಕ್ಕೇ ನಿಂತಿತು. ಅವರು ಇಷ್ಟು ವರ್ಷ ಹೇಳುತ್ತಿದ್ದುದನ್ನು ಇಷ್ಟು ಚಿಕ್ಕದಾಗಿ ಹೇಳಲು ಅವರಿಗೇ ಬಂದಿರಲಿಲ್ಲ.

ಆದರೆ ತೋಟದ ನಡುವಣ ಜಾಗ ಖಾಲಿಯೇ ಉಳಿಯಿತಷ್ಟೆ. ಹಿಂದಿರುಗುವಾಗ ಗುತ್ತಿಗೆದಾರರು ಅದನ್ನೇ ಕುರಿತು ಯೋಚಿಸುತ್ತ ಗಾಡಿ ನಡೆಸುತ್ತಿದ್ದರು. ಸೀಬಾರ ದಾಟಿದ ಮೇಲೆ ಮೇಷ್ಟರಿಗೆ ಒಂದು ವಿಷಯ ಹೊಳೆಯಿತು. ಹೊಸ ಮನೆಯ ಪಾಯ ತೋಡಿದಾಗ ಯಂತ್ರಕ್ಕೆ ಅಡ್ಡವಾಗಿದ್ದ ದೊಡ್ಡ ಬಂಡೆಯೊಂದನ್ನು ಕಿತ್ತು ನಿವೇಶನದ ಮೂಲೆಗೆ ತಳ್ಳಿದ್ದರು. ಕೂಲಿ ಕೊಟ್ಟು ಊರಾಚೆ ಸಾಗಿಸುವುದೆಂದು ನಿಶ್ಚಯವಾಗಿತ್ತು.

"ಅದಾ? ಅದನ್ನ ಎಸಿಯಾಕ ದುಡ್ಡು ಕೇಳಾಕತ್ತಾರ," ಎಂದರು ಗುತ್ತಿಗೆದಾರರು. ತಮ್ಮನ್ನು ಉಪಾಯವಾಗಿ ಸಾಗಹಾಕುತ್ತಿದ್ದಾರೆಂಬ ಅನುಮಾನ ಅವರ ಮಾತಿನಲ್ಲಿತ್ತು.

ಸಂಜೆ ಕೊಳವೆ ಹಿಡಿದು ಮಣ್ಣು ತೊಳೆದರು. ತೊಳೆದಂತೆಲ್ಲ ಕರಿದು ಬಿಳಿದು ಪಟ್ಟೆಗಳು ಒಂದೊಂದಾಗಿ ಹೊರಬಂದವು: ಬೆಣಚಿನ ಬಿಳಿ, ಅಭ್ರಕದ ಕಪ್ಪು, ನಡುವೆ ಎಲ್ಲಿಯೋ ಒಂದು ನಸುಗೆಂಪು ಗೆರೆ. ಪಟ್ಟೆಗಳು ನೇರವಾಗಿಲ್ಲ. ಹಿಟ್ಟು ನಾದಿದಂತೆ ಸುರುಳಿ ಸುತ್ತಿ, ಮಡಿಚಿ, ಎಳೆದಾಡಿವೆ. ಆಳದಲ್ಲಿ ಕಲ್ಲು ಬಿಸಿಗೆ ಮೆತ್ತಗಾಗಿ ಕಣಕದಂತೆ ಹರಿದಾಡಿದಾಗ ಬಿದ್ದ ಮಡಿಕೆಗಳವು. "ಮರಡಿಹಳ್ಳಿಯ ದಿಂಬುಗಳಿಗಿಂತ ಇದು ಹಿರಿಯ ಕಲ್ಲು. ಆ ಕಡಲಿಗೇ ಅಡಿಪಾಯ," ಎಂದರು ಮೇಷ್ಟ್ರು. ಕಾಂಪೌಂಡಿನ ಮೇಲೆ ಕುಳಿತಿದ್ದ ಹುಡುಗ, ಬಂಗಾರ ಕಳೆದುಕೊಂಡವನು, ಇಳಿದುಬಂದು ಅಯಸ್ಕಾಂತ ಹಿಡಿದು ನೋಡಿದ. ಅದು ವಾಲಲಿಲ್ಲ.

ಬಂಡೆಯನ್ನು ತೋಟದ ನಡುವೆ ನೆಟ್ಟು ನಿಲ್ಲಿಸಿ ಒಂದು ವಾರವಾಗಿರಲಿಲ್ಲ, ಅದರ ನೆತ್ತಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಹಚ್ಚಿದವರು ಯಾರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಗುತ್ತಿಗೆದಾರರ ವೃದ್ಧ ತಾಯಿಯ ಮೇಲೆ ಮೇಷ್ಟರ ಗುಮಾನಿ. ತಮ್ಮ ಮನೆಯಾಕೆಯ ಮೇಲೆಯೂ ಸ್ವಲ್ಪ ಉಂಟು. ಇದು ಹೀಗೆಯೇ ಮುಂದುವರಿದರೆ ಕಲ್ಲಿನ ಪಟ್ಟೆಗಳು ಕಾಣದೆ ಹೋಗುತ್ತವೆಂದು, ಅದರ ಪಕ್ಕದಲ್ಲಿ ಒಂದು ಚಿಕ್ಕ ಫಲಕವಾದರೂ ಇರಲಿ ಎಂದು ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟರು: "ನೈಸ್ ಶಿಲೆ. ನಿಜಲಿಂಗಪ್ಪ ಬಡಾವಣೆ. ವಯಸ್ಸು ಸುಮಾರು 300 ಕೋಟಿ ವರ್ಷ." ಫಲಕ ಬರೆಯುವವನು ಜಾಣ. ಚೀಟಿಯನ್ನು ಎರಡು ಸಲ ಓದಿ, ಮೇಷ್ಟ್ರು ವಯಸ್ಸಾದವರು, ಎಲ್ಲಿಯೋ ಕೈತಪ್ಪಿದೆಯೆಂದು ತಾನೇ ತಿದ್ದಿ, "ಸುಮಾರು 300 ವರ್ಷ" ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಹೋದ. ಮತ್ತೆ ಅವನನ್ನು ಕರೆಸಿದರು. ಅವನು ಬಹಳ ಹೊತ್ತು ಬಂಡೆಯನ್ನೂ ಮೇಷ್ಟರನ್ನೂ ನೋಡಿ, ಸಂಖ್ಯೆಯ ಬಲಕ್ಕೆ ಒಂದು ಕಾಕಪಾದವಿಟ್ಟು, ಅದರ ಮೇಲೆ ಚಿಕ್ಕದಾಗಿ "ಕೋಟಿ" ಎಂದು ಸೇರಿಸಿದ. ಫಲಕ ಈಗಲೂ ಹಾಗೆಯೇ ಇದೆ.